ಒಪ್ಪಿಕೊಂಡರೆ ಮುಗಿಯಿತು

"ಒಪ್ಪಿಕೊಂಡರೆ ಮುಗೀತು," ಎಂದರು ವಕೀಲರು. "ಬೆಳಿಗ್ಗೆ ಬರ್ತೀರಿ, ಹೌದು ಅಂತೀರಿ, ದಂಡ ಕಟ್ತೀರಿ, ಮಧ್ಯಾಹ್ನದ ಊಟಕ್ಕೆ ಮನೇಲಿರ್ತೀರಿ."

ವಕೀಲರ ಕಚೇರಿ ಜೆರಾಕ್ಸ್ ಅಂಗಡಿಯ ಮೇಲಿತ್ತು. ಇದ್ದ ಒಂದೇ ಬೆಂಚಿನ ಮೇಲೆ ಗಂಡ, ಹೆಂಡತಿ, ಗಂಡನ ತಾಯಿ ಮೂವರೂ ಒತ್ತಿಕೊಂಡು ಕುಳಿತಿದ್ದರು. ಆರೋಪ ಹೆಂಡತಿಯ ಮೇಲೆ. ಮಾತಾಡುವವಳು ಮಾತ್ರ ಅತ್ತೆ. ಬಹಳ ವರ್ಷ ಶಾಲೆಯೊಂದರ ಅಡುಗೆಮನೆಯಲ್ಲಿ ನೂರಾರು ಮಕ್ಕಳಿಗೆ ಬೇಯಿಸಿ ಹಾಕಿದವಳು ಅವಳು. ಆ ಗದ್ದಲದಲ್ಲಿ ಬೆಳೆಸಿಕೊಂಡ ಗಂಟಲು ಮನೆಗೆ ಬಂದ ಮೇಲೂ ಇಳಿದಿರಲಿಲ್ಲ.

"ಕದ್ದಿಲ್ಲ ಅಂದ ಮೇಲೆ ಯಾವುದನ್ನ ಒಪ್ಪಿಕೊಳ್ಳೋದು?" ಎಂದಳು.

"ಕದ್ದಿದ್ದಾರೋ ಇಲ್ಲವೋ ಅನ್ನೋದು ಈಗ ಪ್ರಶ್ನೆ ಅಲ್ಲ ಅಮ್ಮಾ."

"ಮತ್ತೆ ಯಾವುದು ಪ್ರಶ್ನೆ?"

"ಬೇಗ ಮುಗೀಬೇಕೋ ಬೇಡವೋ ಅನ್ನೋದು. ವಿಚಾರಣೆ ಅಂತ ಹೋದ್ರೆ ವರ್ಷಗಟ್ಟಲೆ ಎಳೆಯುತ್ತೆ. ಸೋತರೆ ಜೈಲೂ ಆಗಬಹುದು. ಈಗ ಎಲ್ಲರೂ ಒಪ್ಪಿಕೊಳ್ಳೋದೇ. ನಾನು ಕೊನೇ ಸಲ ಸಾಕ್ಷಿಯನ್ನ ನಿಲ್ಲಿಸಿ ಪ್ರಶ್ನೆ ಕೇಳಿದ್ದು ಯಾವಾಗ ಅಂತ ನನಗೇ ನೆನಪಿಲ್ಲ." ಅದನ್ನವರು ಹೆಮ್ಮೆಯಿಂದಲೇ ಹೇಳಿದರು.

ಜೈಲು ಎಂಬ ಮಾತು ಕಿವಿಗೆ ಬಿದ್ದದ್ದೇ ಗಂಡ ಎದ್ದು ನಿಂತು, "ಆಯ್ತು ಸಾರ್, ಹಾಗೇ ಮಾಡೋಣ," ಎಂದ. ಸೊಸೆಯನ್ನು ಯಾರೂ ಕೇಳಲೇ ಇಲ್ಲ.

ನಡೆದದ್ದು ಇಷ್ಟು. ಸೊಸೆ ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಮೇಲಿನ ಕೋಣೆಗಳ ಹಾಸು, ಹೊದಿಕೆ, ಟವೆಲುಗಳೆಲ್ಲ ತಳ್ಳುಗಾಡಿಯಲ್ಲಿ ಅವಳ ಮೇಜಿಗೆ ಬರುತ್ತಿದ್ದವು. ಒಂದೊಂದನ್ನೂ ಕೊಡವಿ, ಕಲೆ ನೋಡಿ, ಬೇರೆ ಮಾಡಿ ಯಂತ್ರಕ್ಕೆ ಕಳಿಸಬೇಕು. ಕೊಡವಿದಾಗ ಗುಂಡಿ, ಹೇರ್‌ಪಿನ್ನು, ಒಮ್ಮೊಮ್ಮೆ ಉಂಗುರ ಕೂಡ ಉದುರುತ್ತಿತ್ತು. ಕೆಲಸದವರು ಕದ್ದಾರೆಂದು ಹೋಟೆಲಿನವರು ಏಪ್ರನ್ನಿಗೆ ಜೇಬನ್ನೇ ಹೊಲಿಸಿರಲಿಲ್ಲ. ಮೇಜಿನ ಮೇಲೆ ಇಟ್ಟರೆ ಮುಂದಿನ ಹಾಸಿನ ಜೊತೆ ಯಂತ್ರದ ಪಾಲಾಗುತ್ತಿತ್ತು. ಅದಕ್ಕೆ ಆ ಹೆಂಗಸರೇ ಒಂದು ಉಪಾಯ ಹುಡುಕಿಕೊಂಡಿದ್ದರು. ಸಿಕ್ಕಿದ್ದನ್ನು ಏಪ್ರನ್ನಿನ ಒಳಮಗ್ಗುಲಿಗೆ ಪಿನ್ನು ಹಾಕಿ ಸಿಕ್ಕಿಸಿಕೊಳ್ಳುವುದು, ಪಾಳಿ ಮುಗಿದಾಗ ಬಿಚ್ಚಿ ಸೂಪರ್‌ವೈಸರನ ಮೇಜಿನ ಮೇಲಿನ ತಟ್ಟೆಗೆ ಹಾಕುವುದು. ಸೂಪರ್‌ವೈಸರಿಗೂ ಇದು ಚೆನ್ನಾಗಿ ಗೊತ್ತಿತ್ತು. "ಏನಮ್ಮಾ, ಇವತ್ತು ಎಷ್ಟು ಪದಕ ಬಂತು?" ಎಂದು ಅವನೇ ತಮಾಷೆ ಮಾಡುತ್ತಿದ್ದ.

ಅವತ್ತು ಪಾಳಿಯ ನಡುವೆ ಮಗಳ ಶಾಲೆಯಿಂದ ಫೋನ್ ಬಂತು. ಆಟದಲ್ಲಿ ಬಿದ್ದು ಮುಂಗೈ ಊದಿಕೊಂಡಿದೆ, ಬೇಗ ಬನ್ನಿ ಅಂದರು. ಸೊಸೆ ಏಪ್ರನ್ನಿನ ಮೇಲೇ ಶಾಲು ಸುತ್ತಿಕೊಂಡು ಓಡಿದಳು. ಗೇಟಿನಲ್ಲಿ ಕಾವಲಿನವನು ತಡೆದು ನೋಡಿದರೆ ಒಳಮಗ್ಗುಲಲ್ಲಿ ಎರಡು ಗುಂಡಿ, ಒಂದು ಹೇರ್‌ಪಿನ್ನು, ಜೊತೆಗೆ ಬಿಳಿ ಹರಳಿನ ಒಂಟಿ ಓಲೆ. ಆ ಓಲೆಯ ಒಡತಿ ಬೆಳಿಗ್ಗೆಯಿಂದ ಮಹಡಿಯ ಮೇಲೆ ಕೂಗಾಡುತ್ತಿದ್ದಳು. ಸೂಪರ್‌ವೈಸರ್ ಬಂದ, ಒಡತಿ ಬಂದಳು. ಸೊಸೆಗೆ ಕಣ್ಣ ಮುಂದಿದ್ದದ್ದು ಮಗಳ ಕೈ ಒಂದೇ.

"ತಪ್ಪಾಯ್ತು ಸಾರ್, ತಪ್ಪಾಯ್ತು. ಈಗ ಬಿಡಿ, ನಾನು ಹೋಗಬೇಕು," ಎಂದುಬಿಟ್ಟಳು.

ಮೂರು ಜನ ಕೇಳಿಸಿಕೊಂಡರು. ಕೇಸಿಗೆ ಅಷ್ಟೇ ಸಾಕಾಯಿತು.

ವಕೀಲರಲ್ಲಿಗೆ ಹೋಗಿಬಂದ ದಿನ ಊಟಕ್ಕೆ ಕುಳಿತಾಗ ಅತ್ತೆ ಇದನ್ನೇ ಹಿಡಿದಳು.

"ಅಲ್ಲ ಕಣೇ, ಪಿನ್ನಿನ ವಿಷಯ ಹೇಳೋದು ಬಿಟ್ಟು ತಪ್ಪಾಯ್ತು ಅಂದೆಯಲ್ಲ, ಬಾಯಿಗೆ ಏನಾಗಿತ್ತು ನಿನಗೆ?"

"ಅವಸರದಲ್ಲಿ ಬಂದುಬಿಡ್ತು ಅತ್ತೆ."

"ಎಲ್ಲಿಂದ ಬಂತು? ಮಾಡದ ತಪ್ಪನ್ನ ತಪ್ಪಾಯ್ತು ಅನ್ನೋಕೆ ನಿನಗೆ ಯಾವ ಶಾಲೇಲಿ ಹೇಳಿಕೊಟ್ಟರು?"

ಮಗಳು ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಲ್ಲಿ ಚಮಚ ಹಿಡಿದಿದ್ದಳು. ಹದಿಹರೆಯದ ಹುಡುಗಿ. ಅಜ್ಜಿಯ ಗಂಟಲು ಬಂದಿರಲಿಲ್ಲ, ನಾಲಿಗೆ ಪೂರ್ತಿ ಬಂದಿತ್ತು.

"ನಿನ್ನ ಶಾಲೇಲೇ ಅಜ್ಜಿ," ಎಂದಳು. "ಬೇಳೆಗೆ ಉಪ್ಪು ಜಾಸ್ತಿಯಾದ್ರೆ ಅಮ್ಮ ತಪ್ಪಾಯ್ತು ಅನ್ನಬೇಕು. ನೀನೇ ಎರಡನೇ ಸಲ ಉಪ್ಪು ಹಾಕಿದ್ರೂ ಅಮ್ಮನೇ ಅನ್ನಬೇಕು. ಅನ್ನೋ ತನಕ ನೀನು ತಟ್ಟೆ ಮುಟ್ಟಲ್ಲ. ಯಾರು ಜಗಳ ಶುರು ಮಾಡಿದ್ರೂ ಮುಗಿಸೋದು ಅಮ್ಮ."

"ಏ, ಸುಮ್ಮನಿರೇ," ಎಂದಳು ಸೊಸೆ.

"ಯಾಕೆ ಸುಮ್ಮನಿರಲಿ? ಸುಳ್ಳಾ?"

ಗಂಡ ತಟ್ಟೆಯೊಳಕ್ಕೆ ಮುಖ ಹಾಕಿದ. ಅತ್ತೆಯ ಬಾಯಿ ಕಟ್ಟಿತು. ಆ ಮನೆಯಲ್ಲಿ ಇದು ದೊಡ್ಡ ಸಂಗತಿ. ಅವಳು ಉಂಡು, ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟಳು. ಹುಡುಗಿಯ ಮಾತು ನಾಟಿತ್ತು. ಸೊಸೆ ಬಂದಂದಿನಿಂದ ಅತ್ತೆ ಅವಳು ತಪ್ಪಾಯ್ತು ಅನ್ನುವುದನ್ನು ಮರ್ಯಾದೆ ಎಂದು ತಿಳಿದಿದ್ದಳು, ಮನೆ ಶಾಂತವಾಗಿದೆ ಎಂದು ತಿಳಿದಿದ್ದಳು. ಈಗ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಸಿಟ್ಟನ್ನು ಇಟ್ಟುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

ಮರುದಿನ ಚಹಾ ಸೋಸುತ್ತ ಘೋಷಿಸಿದಳು. "ಇವತ್ತಿನಿಂದ ಈ ಮನೇಲಿ ಯಾರೂ ತಪ್ಪಾಯ್ತು ಅನ್ನಬಾರದು."

"ನಿಜವಾಗ್ಲೂ ತಪ್ಪು ಮಾಡಿದ್ರೆ?" ಎಂದಳು ಮಗಳು.

"ಏನು ಮಾಡಿದೆ ಅಂತ ಹೇಳು. ಹಾಲು ಉಕ್ಕಿಸಿದೆ ಅನ್ನು, ಲೋಟ ಒಡೆದೆ ಅನ್ನು. ಮಾಡಿದ್ದನ್ನ ಮಾಡಿದೆ ಅನ್ನು, ಮಾಡದ್ದನ್ನ ಮಾಡಿಲ್ಲ ಅನ್ನು. ಮಧ್ಯೆ ಇನ್ನೊಂದು ಬೇಡ."

ಹೇಳುವುದು ಸುಲಭ. ಆ ಮನೆಯ ಜಗಳಗಳಿಗೆ ಇದ್ದದ್ದೊಂದೇ ಚಿಲಕ, ಅದನ್ನೇ ಕಿತ್ತು ಹಾಕಿದಂತಾಯಿತು. ಟವೆಲು ಒದ್ದೆಯಾಗಿ ಹಾಸಿಗೆಯ ಮೇಲಿತ್ತೆಂದು ಸೋಮವಾರ ಶುರುವಾದ ಮಾತು ಬುಧವಾರದ ತನಕ ಬಂತು. ಸೊಸೆ ಮೊದಮೊದಲು ಅಭ್ಯಾಸಬಲದಿಂದ "ತಪ್..." ಎಂದು ಬಾಯಿ ತೆರೆದು ಅತ್ತೆಯ ಕಣ್ಣು ನೋಡಿ ಮುಚ್ಚುತ್ತಿದ್ದಳು. ಆಮೇಲೆ ಒಂದು ದಿನ, "ಟವೆಲು ನಾನು ಹಾಕಿದ್ದಲ್ಲ, ನಿಮ್ಮ ಮಗ ಹಾಕಿದ್ದು," ಎಂದಳು. ಅಷ್ಟು ಹೇಳಿದ್ದಕ್ಕೇ ಅವಳ ಮುಖ ಕೆಂಪಾಯಿತು. ಅತ್ತೆ ಮಗನ ಕಡೆ ತಿರುಗಿದಳು. ಪಾಪ, ಅವನಿಗೆ ಹೊಸ ಕಾನೂನು ಎಲ್ಲರಿಗಿಂತ ದುಬಾರಿಯಾಯಿತು.

ಗಂಡ ಬೇಕರಿಯ ವ್ಯಾನು ಓಡಿಸುತ್ತಿದ್ದ. ನಸುಕಿನಲ್ಲೇ ಬ್ರೆಡ್ಡು ತುಂಬಿಕೊಂಡು ಅಂಗಡಿ ಅಂಗಡಿಗೆ ಇಳಿಸಿ ಬರುವ ಕೆಲಸ. ಕೆಟ್ಟವನಲ್ಲ. ಜಗಳವಾದರೆ ವ್ಯಾನು ತೊಳೆಯಲು ಹೋಗುವ ಜಾತಿಯ ಮನುಷ್ಯ. ಆದರೆ ಈ ವಿಷಯದಲ್ಲಿ ಅವನು ಬಿಡಲಿಲ್ಲ.

"ನೋಡು, ನಮ್ಮ ಬೀದೀಲಿ ಒಪ್ಪಿಕೊಳ್ಳದೋರು ಯಾರಿದ್ದಾರೆ ಹೇಳು," ಎಂದ ಒಂದು ಸಂಜೆ. ಸೊಸೆ ಕೆಲಸ ಹೋದ ಮೇಲೆ ಅಕ್ಕಪಕ್ಕದವರ ಬಟ್ಟೆ ತಂದು ಇಸ್ತ್ರಿ ಮಾಡುತ್ತಿದ್ದಳು. ಅವಳ ಮೇಜಿನ ಎದುರಿಗೇ ನಿಂತಿದ್ದ. "ಆ ಟೈಲರ್ ಒಪ್ಪಿಕೊಂಡ. ಹಾಲಿನಂಗಡಿಯವನ ಅಳಿಯ ಒಪ್ಪಿಕೊಂಡ, ಅವನಂತೂ ಆ ದಿನ ಊರಲ್ಲೇ ಇರಲಿಲ್ಲ. ಯಾರ ತಲೆ ಹೋಯ್ತು? ನಾನು ಒಪ್ಪಿಕೊಳ್ಳಲಿಲ್ವಾ?"

"ನೀವು ಯಾವಾಗ?" ಎಂದು ಮಗಳು ತಲೆ ಎತ್ತಿದಳು. ಈ ಕಥೆ ಅವಳಿಗೆ ಗೊತ್ತಿರಲಿಲ್ಲ.

"ನೀನು ಚಿಕ್ಕೋಳು ಆಗ. ದೊಡ್ಡ ಬಸ್ಸು ಓಡಿಸ್ತಿದ್ದೆ. ಒಬ್ಬ ಹಣ್ಣಿನ ಗಾಡಿಯೋನು ಎದುರುದಾರೀಲಿ ನುಗ್ಗಿ ಬಂದು ಕನ್ನಡಿಗೆ ತಾಗಿಸಿಕೊಂಡ, ಗಾಡಿ ಉರುಳ್ತು. ಒಪ್ಪಿಕೊಂಡೆ. ಅರ್ಧ ದಿನದ ಕೆಲಸ. ಮಧ್ಯಾಹ್ನ ಮನೆಗೆ ಬಂದೆ."

"ಬಂದೆ, ಬಂದು ಮನೇಲೇ ಕೂತೆ," ಎಂದಳು ಅತ್ತೆ ಒಳಗಿನಿಂದ. "ಅದನ್ನೂ ಹೇಳು. ಆಮೇಲೆ ಯಾರಾದರೂ ನಿನಗೆ ಬಸ್ಸು ಕೊಟ್ಟರಾ? ಹೋದ ಕಡೆಯೆಲ್ಲ ನೀವೇ ಒಪ್ಪಿಕೊಂಡಿದ್ದೀರಲ್ಲ ಸ್ವಾಮಿ ಅಂದರು."

"ಅಮ್ಮ, ಅದು ಬೇರೆ."

"ಹೇಗೋ ಬೇರೆ? ಇವಳು ನಾಳೆ ಯಾವ ಹೋಟೆಲಿಗೆ ಹೋಗ್ತಾಳೆ? ಯಾವ ಆಸ್ಪತ್ರೆ ಲಾಂಡ್ರಿಗೆ ಹೋಗ್ತಾಳೆ? ಕಳ್ಳಿ ಅಂತ ತಾನೇ ಹೇಳಿಕೊಂಡೋಳಿಗೆ ಯಾರು ಬಾಗಿಲು ತೆಗೀತಾರೆ?"

"ಕಳ್ಳಿ ಅಂತ ನೀನೇ ಎಷ್ಟು ಸಲ ಅಂದಿಲ್ಲ? ಸಕ್ಕರೆ ಖಾಲಿಯಾದರೆ ಅಂತೀಯ, ತುಪ್ಪ ಖಾಲಿಯಾದರೆ ಅಂತೀಯ!"

"ಅಂತೀನಿ. ನನ್ನ ಸೊಸೆ, ನಾನು ಅಂತೀನಿ. ಅವರ್ಯಾರು ಅನ್ನೋಕೆ?"

ಸೊಸೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ನಗು ತಡೆಯಲಾಗಲಿಲ್ಲ, ಅದರ ಜೊತೆಗೇ ಅಳುವೂ ಬಂತು. ಗಂಡನ ದನಿ ಇಳಿಯಿತು.

"ನೀನು ಒಳಗೆ ಹೋದರೆ ನಾನೇನು ಮಾಡಲಿ? ಅದನ್ನ ಯಾರಾದರೂ ಯೋಚಿಸಿದ್ದೀರಾ? ನನಗೆ ಹೆದರಿಕೆ ಆಗುತ್ತೆ ಕಣೇ. ಅಷ್ಟೇ."

ಅವನು ಹೇಳಿದ್ದು ನಿಜ. ಸೊಸೆಗೂ ಅದೇ ಹೆದರಿಕೆ. ದಿನಕ್ಕೊಂದು ಸಲ ಒಪ್ಪಿಕೊಂಡುಬಿಡೋಣ ಅನ್ನಿಸುತ್ತಿತ್ತು. ಮಗಳ ಜಡೆ ಹೆಣೆಯುವಾಗ ಅನ್ನಿಸುತ್ತಿತ್ತು, ಈ ಕೈಗಳು ಇಲ್ಲದೆ ಇವಳಿಗೆ ಯಾರು ಜಡೆ ಹಾಕುತ್ತಾರೆ ಎಂದು.

ಮೊದಲ ಸಲ ಕೋರ್ಟಿಗೆ ಹೋದ ದಿನ ಅವಳ ಸರದಿಯೇ ಬರಲಿಲ್ಲ. ಗೋಡೆಗೆ ಹಾಕಿದ ಬೆಂಚಿನ ಮೇಲೆ ಕುಳಿತು ಇಡೀ ಬೆಳಿಗ್ಗೆ ನೋಡಿದಳು. ಗುಮಾಸ್ತ ಕೂಗುತ್ತಿದ್ದ, ಒಬ್ಬರು ಹೋಗಿ ನಿಲ್ಲುತ್ತಿದ್ದರು, ಅವರ ಪರವಾಗಿ ವಕೀಲರೇ "ಒಪ್ಪಿಕೊಳ್ತಾರೆ ಸ್ವಾಮಿ" ಎನ್ನುತ್ತಿದ್ದರು, ನಿಂತವರು ತಲೆ ಆಡಿಸುತ್ತಿದ್ದರು. ಬಸ್ಸಿನಲ್ಲಿ ಟಿಕೆಟ್ ಹರಿದುಕೊಟ್ಟಷ್ಟು ಬೇಗ. ಏನು ನಡೆಯಿತು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೆಲವರು ನಿಜವಾಗಿಯೂ ಮಾಡಿದ್ದಿರಬಹುದು. ಮಾಡಿದವರು ಯಾರು, ಮಾಡದವರು ಯಾರು ಎಂದು ತಿಳಿಯುವ ಗೊಡವೆ ಆ ಕೋಣೆಗೇ ಇರಲಿಲ್ಲ.

ಪಕ್ಕದಲ್ಲಿ ಕುಳಿತಿದ್ದ ಹೆಂಗಸು, ಮನೆಗೆಲಸದವಳು, ಕಾಲು ನೀಡಿಕೊಂಡು ಕುಳಿತಿದ್ದಳು.

"ಮೊದಲ ಸಲವಾ?" ಎಂದು ಕೇಳಿದಳು.

"ಹೂಂ. ನಿಮಗೆ?"

"ಲೆಕ್ಕ ಬಿಟ್ಟಿದ್ದೀನಿ. ಮೊದಲನೇದು ನಾನು ಮಾಡಿರಲಿಲ್ಲ. ಬೆಳ್ಳಿ ಚಮಚ ಕಾಣಿಸ್ತಿಲ್ಲ ಅಂದರು, ಒಪ್ಪಿಕೋ ಅಂದರು, ಒಪ್ಪಿಕೊಂಡೆ. ಚಮಚ ಆಮೇಲೆ ಸೋಫಾದ ಸಂದೀಲಿ ಸಿಕ್ತಂತೆ."

"ಹೇಳಲಿಲ್ವಾ ನೀವು?"

"ಯಾರಿಗೆ ಹೇಳಲಿ? ಒಪ್ಪಿಕೊಂಡಿದ್ದೀಯಲ್ಲ ಅಂತಾರೆ. ಈಗ ಆ ಕಡೆ ಎಲ್ಲಿ ಏನು ಕಳೆದರೂ ಮೊದಲು ನನ್ನ ಬಾಗಿಲು ತಟ್ತಾರೆ. ಇಲ್ಲ ಅಂದರೆ ನಂಬೋರಿಲ್ಲ. ಅದಕ್ಕೆ ಹೂಂ ಅಂದುಬಿಡ್ತೀನಿ."

ಆ ಹೆಂಗಸಿನ ಹೆಸರನ್ನು ಕೂಗಿದರು. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು, ತಲೆ ಆಡಿಸಿದಳು, ತಿರುಗಿ ಬಂದು ಚೀಲ ಎತ್ತಿಕೊಂಡು, "ಬರ್ತೀನಮ್ಮಾ," ಎಂದು ಹೊರಟುಹೋದಳು. ಸೊಸೆಗೆ ಮೈ ಉರಿದುಹೋಯಿತು. ಮನೆಗೆ ಬಂದವಳು ಊಟ ಮಾಡಲಿಲ್ಲ. ಅತ್ತೆ ಕೇಳಿದ್ದಕ್ಕೆ, "ಹಸಿವಿಲ್ಲ ಅಂತಲ್ಲ, ಸಿಟ್ಟು ಬಂದಿದೆ," ಎಂದಳು. ಅತ್ತೆಗೆ ತೃಪ್ತಿಯಾಯಿತು. ಒಂದು ಮೊಟ್ಟೆ ಬೇಯಿಸಿ ಮುಂದಿಟ್ಟಳು.

"ಸಿಟ್ಟು ಬಂದಾಗಲೇ ತಿನ್ನಬೇಕು. ಸಿಟ್ಟಿಗೆ ಬಲ ಬೇಡವಾ?"

ಮುಂದಿನ ವಾರ ಲಾಂಡ್ರಿಯ ಗೆಳತಿಯೊಬ್ಬಳು ಬಂದಳು. ಒಂದೇ ಮೇಜಿನಲ್ಲಿ ಎದುರುಬದುರು ನಿಂತು ಹಾಸು ಮಡಚಿದವಳು. ಕೊಟ್ಟ ಚಹಾ ಕುಡಿಯದೆ ಲೋಟ ತಿರುಗಿಸುತ್ತ ಕುಳಿತಳು.

"ಪಿನ್ನು ಎಲ್ಲ ಕಿತ್ತುಕೊಂಡರು ಕಣೇ. ಈಗ ಪಾಳಿಗೆ ಮುಂಚೆ ಏಪ್ರನ್ ತಿರುಗಿಸಿ ನೋಡ್ತಾರೆ. ಹಾಗೆ ಸಿಕ್ಕಿಸಿಕೊಳ್ಳೋ ರೂಢಿ ನಮ್ಮಲ್ಲಿ ಯಾವತ್ತೂ ಇರಲಿಲ್ಲ ಅಂತ ಎಲ್ಲರಿಗೂ ಹೇಳಿಕೊಟ್ಟಿದ್ದಾರೆ."

"ನೀನೂ ಹಾಗೇ ಹೇಳ್ತೀಯಾ?"

"ನನ್ನ ಗಂಡನ ಡಯಾಲಿಸಿಸ್ ನಿನಗೆ ಗೊತ್ತಲ್ಲ. ಕೆಲಸ ಹೋದರೆ ನಾನು ಎಲ್ಲಿ ಹೋಗಲಿ? ನಾನು ಕೋರ್ಟಿಗೆ ಬರೋಕಾಗಲ್ಲ. ಅದನ್ನ ಮುಖಾಮುಖಿ ಹೇಳೋಣ ಅಂತ ಬಂದೆ." ಅವಳು ಕಣ್ಣೊರೆಸಿಕೊಂಡಳು. "ಒಪ್ಪಿಕೊಂಡುಬಿಡು ಮಾರಾಯ್ತಿ. ನಿನಗೂ ನೆಮ್ಮದಿ, ನಮಗೂ ನೆಮ್ಮದಿ."

ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಹೊರಬಂದಳು. ಸೊಸೆ ಕೈ ಅಡ್ಡ ಹಿಡಿದಳು. "ಅತ್ತೆ, ಅವಳಿಗೆ ಏನೂ ಅನ್ನಬೇಡಿ. ಅವಳು ಬಂದು ಹೇಳಿದಳಲ್ಲ." ಗೆಳತಿಯನ್ನು ಬಾಗಿಲ ತನಕ ಬಿಟ್ಟು ಬಂದಳು. ಪಿನ್ನಿನ ಮಾತನ್ನು ನಿಜ ಎನ್ನುವವರು ಇನ್ನು ಯಾರೂ ಇರಲಿಲ್ಲ.

ಅದನ್ನು ಕೇಳಿ ಗಂಡ, "ಈಗಲಾದರೂ?" ಎಂದ.

"ಇಲ್ಲ," ಎಂದಳು ಸೊಸೆ.

"ಇಲ್ಲ ಅಂದರೆ?"

"ಒಪ್ಪಿಕೊಳ್ಳಲ್ಲ ರೀ. ನೀವು ಹೇಳಿದಿರಿ, ವಕೀಲರು ಹೇಳಿದರು, ಇವಳೂ ಬಂದು ಹೇಳಿದಳು. ನಾನೊಬ್ಬಳು ಹೂಂ ಅಂದರೆ ಊರಿಗೆಲ್ಲ ನೆಮ್ಮದಿ. ನನ್ನ ಮಗಳು ಮಾತ್ರ ನಾಳೆ ಯಾರಾದರೂ ಕೇಳಿದರೆ, ಹೌದು, ನಮ್ಮಮ್ಮ ಒಪ್ಪಿಕೊಂಡಿದ್ದಾಳೆ ಅನ್ನಬೇಕು. ಜೈಲಾದರೆ ಆಗಲಿ. ಮಾಡಿಲ್ಲ ಅಂತ ಹೇಳಿಯೇ ಹೋಗ್ತೀನಿ."

ಗಂಡ ಅವಳನ್ನು ದಿಟ್ಟಿಸಿ ನೋಡಿದ. ಆಮೇಲೆ ವ್ಯಾನು ತೊಳೆಯಲು ಹೋದ. ಆ ವಾರವಿಡೀ ಬೇಕರಿಯ ವ್ಯಾನಿನಷ್ಟು ಸ್ವಚ್ಛವಾದ ವಾಹನ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಹೆಂಡತಿಯೊಡನೆ ಮಾತು ಮಾತ್ರ ಬಿಟ್ಟ. ಬೇಕಾದ್ದನ್ನು ಮಗಳ ಮೂಲಕ ಕೇಳಿಸುತ್ತಿದ್ದ. "ಅಪ್ಪನಿಗೆ ನೀರು ಬೇಕಂತೆ," ಎಂದು ಅಡುಗೆಮನೆಗೆ ಬಂದ ಹುಡುಗಿ, "ನಾನೇನು ಅಂಚೆಯವಳಾ?" ಎಂದು ಗೊಣಗಿ ನೀರು ಒಯ್ಯುತ್ತಿದ್ದಳು.

ವಕೀಲರಿಗೆ ಇದನ್ನು ಹೇಳಹೋದರೆ ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. "ಆ ದಿನ ನೋಡೋಣ ಬನ್ನಿ, ಎಲ್ಲರೂ ಮನೇಲಿ ಹೀಗೇ ಅಂತಾರೆ," ಎಂದು ಫೋನು ಇಟ್ಟರು.

ಎರಡನೇ ಸಲ ಕೋರ್ಟಿಗೆ ಅತ್ತೆಯೂ ಬಂದಳು. ಗಂಡ ಬ್ರೆಡ್ಡು ಇಳಿಸಿ ತಡವಾಗಿ ಬಂದು ಹಿಂದಿನ ಸಾಲಿನಲ್ಲಿ ಒಬ್ಬನೇ ಕುಳಿತ. ಸೂಪರ್‌ವೈಸರನೂ ಬಂದಿದ್ದ. ಕೇಸು ಮುಗಿದೊಡನೆ ಕೋರ್ಟಿನ ವಶದಲ್ಲಿದ್ದ ಓಲೆಯನ್ನು ಒಡತಿಗಾಗಿ ಬಿಡಿಸಿಕೊಂಡು ಹೋಗಲು ಹೋಟೆಲಿನವರು ಕಳಿಸಿದ್ದರು. ಅರ್ಧ ಗಂಟೆಯ ಕೆಲಸವೆಂದು ಗಡಿಯಾರ ನೋಡಿಕೊಳ್ಳುತ್ತಿದ್ದ.

ಗುಮಾಸ್ತ ಕೂಗಿದ. ಸೊಸೆ ಹೋಗಿ ನಿಂತಳು. ವಕೀಲರು ಕಾಗದದಿಂದ ತಲೆ ಎತ್ತದೆ, "ಒಪ್ಪಿಕೊಳ್ತಾರೆ ಸ್ವಾಮಿ," ಎಂದರು.

"ಇಲ್ಲ ಸ್ವಾಮಿ," ಎಂದಳು ಸೊಸೆ.

ದನಿ ಚಿಕ್ಕದಾಗಿತ್ತು. ಗುಮಾಸ್ತ ಆಗಲೇ ಮುಂದಿನವರ ಕಡತ ಎತ್ತಿಕೊಂಡಿದ್ದ.

"ಇಲ್ಲ!" ಎಂದಳು ಇನ್ನೊಂದು ಸಲ. ಈ ಸಲ ಅದು ಅತ್ತೆಯ ಗಂಟಲಿನಿಂದ ಬಂದಷ್ಟೇ ಜೋರಾಗಿ ಬಂತು. ಹೊರಗೆ ಕಾರಿಡಾರಿನಲ್ಲಿ ನಿಂತವರೂ ಬಗ್ಗಿ ನೋಡಿದರು.

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡರು. "ಯೋಚನೆ ಮಾಡಿ ಹೇಳಮ್ಮ. ನೀವು ತಪ್ಪಾಯ್ತು ಅಂದಿದ್ದನ್ನ ಕೇಳಿದವರಿದ್ದಾರೆ. ವಿಚಾರಣೆ ಆಗಿ ಸಾಬೀತಾದರೆ ಶಿಕ್ಷೆ ಜಾಸ್ತಿ ಆಗುತ್ತೆ, ಗೊತ್ತಲ್ಲ?"

"ಗೊತ್ತು ಸ್ವಾಮಿ. ತಪ್ಪಾಯ್ತು ಅಂದಿದ್ದು ಹೌದು. ಕದ್ದೆ ಅಂತ ಅಂದಿಲ್ಲ, ಕದ್ದಿಲ್ಲ. ಕದ್ದಿದ್ದೀನಿ ಅನ್ನೋರು ಇಲ್ಲಿ ಬಂದು ನನ್ನೆದುರಿಗೆ ಹೇಳಲಿ. ಅವರು ಹೇಳಬೇಕಾದ್ದನ್ನ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?"

ವಕೀಲರು ಅವಳ ಕಡೆ ಬಗ್ಗಿ ಏನೋ ಪಿಸುಗುಟ್ಟಿದರು. ಅವಳು ತಲೆ ಅಲ್ಲಾಡಿಸಿದಳು. ನ್ಯಾಯಾಧೀಶರಿಗೆ ಕೋಪ ಬಂದಿತ್ತೋ, ಬಹಳ ದಿನದ ಮೇಲೆ ಕೆಲಸ ಸಿಕ್ಕಿತೆಂಬ ಖುಷಿಯೋ, ಹೇಳುವುದು ಕಷ್ಟ. ಅವರು ಸರ್ಕಾರಿ ವಕೀಲರ ಕಡೆ ತಿರುಗಿ, "ನಿಮ್ಮ ಸಾಕ್ಷಿ ಇಲ್ಲೇ ಕೂತಿದ್ದಾರಲ್ಲ, ಹತ್ತಿಸಿ," ಎಂದರು.

ಸೂಪರ್‌ವೈಸರ್ ಗಡಿಯಾರ ನೋಡುವುದನ್ನು ಬಿಟ್ಟ. "ನಾನಾ? ನಾನು ಓಲೆಗೆ ಬಂದಿದ್ದು ಸ್ವಾಮಿ."

ಹತ್ತಿಸುವುದಾದರೂ ಎಲ್ಲಿಗೆ? ಸಾಕ್ಷಿಯ ಕಟಕಟೆಯಲ್ಲಿ ಸೊಂಟದೆತ್ತರಕ್ಕೆ ಕಡತಗಳ ಕಟ್ಟು ಪೇರಿಸಿತ್ತು. ಮೇಲೊಂದು ಕೆಟ್ಟ ಫ್ಯಾನು, ಎರಡು ನೀರಿನ ಕ್ಯಾನು. ಜವಾನ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟ. "ಇಷ್ಟನ್ನೂ ನಾನೊಬ್ಬನೇ ತೆಗೀಬೇಕಾ ಸ್ವಾಮಿ? ಇನ್ನೊಂದು ದಿನ ಇಟ್ಟುಕೊಂಡರೆ..."

ಹಿಂದಿನ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು. ಗಂಡ ಎದ್ದು, ವ್ಯಾನಿನ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡು, ವಕೀಲರನ್ನು ದಾಟಿ ನೇರವಾಗಿ ಮುಂದೆ ಬಂದ. ಕೆಟ್ಟ ಫ್ಯಾನನ್ನು ಎತ್ತಿದ.

"ಏ, ನೀವ್ಯಾರ್ರೀ?" ಎಂದ ಜವಾನ. "ಇದನ್ನೆಲ್ಲ ಮುಟ್ಟಬಾರದು."

"ಅವಳ ಗಂಡ," ಎಂದ. "ಎಲ್ಲಿಡಲಿ, ಹೇಳಿ."

ಜವಾನ ನ್ಯಾಯಾಧೀಶರ ಮುಖ ನೋಡಿದ. ಅವರು ಬೇಡವೆನ್ನಲಿಲ್ಲ. ಗಂಡ ದಿನವೂ ಬ್ರೆಡ್ಡಿನ ಟ್ರೇ ಇಳಿಸುವ ಹಾಗೆಯೇ ಕಟ್ಟಿನ ಮೇಲೆ ಕಟ್ಟು ಎತ್ತಿ ಗೋಡೆಯ ಪಕ್ಕಕ್ಕೆ ಇಳಿಸಿದ. ಧೂಳೆದ್ದು ಮುಂದಿನ ಸಾಲಿನವರು ಕೆಮ್ಮಿದರು. "ಬೆನ್ನು ಬಗ್ಗಿಸಬೇಡವೋ, ಮೊಣಕಾಲು ಬಗ್ಗಿಸು," ಎಂದು ಅತ್ತೆ ಹಿಂದಿನಿಂದ ಕೂಗಿದಳು, ಗುಮಾಸ್ತ ಗದರಿದ. ಕೊನೆಯ ಕಟ್ಟನ್ನು ಇಳಿಸಿ, ಗಂಡ ಕರ್ಚೀಫು ತೆಗೆದು ಕಟಕಟೆಯ ಕಂಬಿಯನ್ನು ಒರೆಸಿದ. ಅನಂತರ ಹಿಂದಕ್ಕೆ ಹೋಗಲಿಲ್ಲ, ಹೆಂಡತಿಯ ಪಕ್ಕಕ್ಕೇ ಬಂದು ನಿಂತ.

ಸೂಪರ್‌ವೈಸರ್ ಹತ್ತಿದ. ಓಲೆ ಸಿಕ್ಕಿದ್ದು, ತಪ್ಪಾಯ್ತು ಅಂದದ್ದು ಎಲ್ಲವನ್ನೂ ಗಡಗಡನೆ ಹೇಳಿ ಇಳಿಯಲು ಕಾಲು ತೆಗೆದ. "ನಿಲ್ಲಿ," ಎಂದರು ನ್ಯಾಯಾಧೀಶರು. ವಕೀಲರು ಗಂಟಲು ಸರಿಮಾಡಿಕೊಂಡು ಎದ್ದರು. ಏನು ಕೇಳುವುದೆಂದು ಹೊಳೆಯದೆ ಒಂದು ಕ್ಷಣ ತಡವರಿಸಿದರು. ಸೊಸೆ ಅವರ ಕಿವಿಯ ಹತ್ತಿರ ನಾಲ್ಕು ಮಾತು ಹೇಳಿದಳು.

"ಸಿಕ್ಕಿದ್ದನ್ನ ಈ ಹೆಂಗಸರು ಏಪ್ರನ್ನಿಗೆ ಪಿನ್ನು ಹಾಕಿ ಇಟ್ಟುಕೊಂಡು, ಸಂಜೆ ನಿಮ್ಮ ತಟ್ಟೆಗೆ ತಂದು ಹಾಕ್ತಿದ್ದರು. ಅದು ನಿಮಗೆ ಗೊತ್ತಿತ್ತೋ, ಇಲ್ಲವೋ?" ಎಂದು ಕೇಳಿದರು ವಕೀಲರು.

ಸೂಪರ್‌ವೈಸರ್ ಸರ್ಕಾರಿ ವಕೀಲರ ಮುಖ ನೋಡಿದ. ಅವರು ಕಾಗದ ತಿರುವುತ್ತಿದ್ದರು. ನ್ಯಾಯಾಧೀಶರ ಕಡೆ ನೋಡಿದ, ಅವರು ಬರೆದುಕೊಳ್ಳಲು ಪೆನ್ನು ಹಿಡಿದು ಕುಳಿತಿದ್ದರು. ಅವನ ಪರವಾಗಿ ಹೌದೆನ್ನುವವರಾಗಲಿ ಇಲ್ಲವೆನ್ನುವವರಾಗಲಿ ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಕೊನೆಗೆ ಅವನು ಸೊಸೆಯ ಮುಖವನ್ನೇ ನೋಡಬೇಕಾಯಿತು. ಅವಳು ಉತ್ತರಕ್ಕೆ ಕಾಯುತ್ತ ನಿಂತಿದ್ದಳು.